ಬೀಗವಿಲ್ಲದ ಫೋನು, ಪರದೇಶದ ಜಾಲ

ಕಂಪನಿಯ ಬೀಗವಿಲ್ಲದ, ಅಂದರೆ ಅನ್‌ಲಾಕ್ ಆಗಿರುವ ಸ್ಮಾರ್ಟ್‌ಫೋನನ್ನು ಯಾವ ದೇಶಕ್ಕೆ ಕೊಂಡೊಯ್ದರೂ ಅಲ್ಲಿನ ಸಿಮ್ ಹಾಕಿದೊಡನೆ ಕರೆ, ಸಂದೇಶ, ಇಂಟರ್ನೆಟ್ ಮೂರೂ ದೊರೆಯುತ್ತವೆ ಎಂಬ ನಂಬಿಕೆ ಭಾರತದ ಬಳಕೆದಾರರಲ್ಲಿ ಗಟ್ಟಿಯಾಗಿ ನೆಲೆಸಿದೆ. ಇಲ್ಲಿನ ಅಂಗಡಿಗಳಲ್ಲಿ ಮಾರಾಟವಾಗುವ ಫೋನುಗಳಲ್ಲಿ ಬಹುಪಾಲು ಯಾವ ಸೇವಾ ಕಂಪನಿಗೂ ಕಟ್ಟುಬೀಳದೆ ಬರುವುದರಿಂದಲೂ, ಏರ್‌ಟೆಲ್‌ನ ಸಿಮ್ ತೆಗೆದು ಜಿಯೋದ ಸಿಮ್ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲದಿರುವುದರಿಂದಲೂ ಆ ನಂಬಿಕೆ ಹುಟ್ಟಿರುವುದು ಸಹಜವೇ. ಆದರೆ ವ್ಯಾಸಂಗಕ್ಕೋ ಉದ್ಯೋಗಕ್ಕೋ ಕರ್ನಾಟಕದಿಂದ ಅಮೆರಿಕಕ್ಕೆ ಹೋಗುವವರು ಕೊಂಡೊಯ್ಯುವ ಫೋನುಗಳಲ್ಲಿ ಕೆಲವು ಅಲ್ಲಿ ಸರಾಗವಾಗಿ ನಡೆದರೆ, ಕೆಲವಕ್ಕೆ ಇಂಟರ್ನೆಟ್ ಬಂದರೂ ಕರೆ ಬರುವುದಿಲ್ಲ, ಮತ್ತೆ ಕೆಲವು ಬೀದಿಯಲ್ಲಿ ಚೆನ್ನಾಗಿದ್ದು ಮನೆಯೊಳಗೆ ಹೊಕ್ಕೊಡನೆ ಸಿಗ್ನಲ್ ಕಳೆದುಕೊಳ್ಳುತ್ತವೆ. ಬೀಗವಿಲ್ಲ ಎಂಬ ಮಾತು ಮಾರಿದವರ ಹಿಡಿತ ಇಲ್ಲವೆಂಬುದನ್ನಷ್ಟೇ ಹೇಳುತ್ತದೆ; ಬೇರೊಂದು ದೇಶದ ಜಾಲ ಆ ಫೋನನ್ನು ಒಪ್ಪಿಕೊಳ್ಳುತ್ತದೆಯೇ ಎಂಬುದು ರೇಡಿಯೊ ಬ್ಯಾಂಡು, ಧ್ವನಿಕರೆಯ ವ್ಯವಸ್ಥೆ, ಫೋನಿನ ಗುರುತು ಸಂಖ್ಯೆ ಮತ್ತು ಸೆಟ್ಟಿಂಗುಗಳೆಂಬ ನಾಲ್ಕು ಬೇರೆ ಸಂಗತಿಗಳನ್ನು ಅವಲಂಬಿಸಿರುತ್ತದೆ. ಈ ನಾಲ್ಕರಲ್ಲಿ ಧ್ವನಿಕರೆಯ ಪ್ರಶ್ನೆ ಹದಿನೈದು ವರ್ಷಗಳ ಹಿಂದೆ ಹೆಚ್ಚುಕಡಿಮೆ ಇರಲೇ ಇಲ್ಲ. ಇಂದು ಎಲ್ಲಕ್ಕಿಂತ ತೊಡಕಿನದು ಅದೇ.

ಬೀಗದ ಸ್ವರೂಪ

ಪ್ರತಿಯೊಂದು ಸಿಮ್‌ನೊಳಗೂ ಐಎಂಎಸ್‌ಐ ಎಂಬ, ಹೆಚ್ಚೆಂದರೆ 15 ಅಂಕೆಗಳ ಚಂದಾದಾರ ಸಂಖ್ಯೆ ಅಡಗಿರುತ್ತದೆ. ಅದರ ಮೊದಲ ಮೂರು ಅಂಕೆಗಳು ದೇಶವನ್ನು, ನಂತರದ ಎರಡು ಅಥವಾ ಮೂರು ಅಂಕೆಗಳು ಸೇವಾ ಕಂಪನಿಯನ್ನು ಸೂಚಿಸುತ್ತವೆ. ಭಾರತಕ್ಕೆ 404 ಮತ್ತು 405, ಅಮೆರಿಕಕ್ಕೆ 310ರಿಂದ 316ರವರೆಗಿನ ಸಂಖ್ಯೆಗಳು ಮೀಸಲಾಗಿವೆ. ಕರ್ನಾಟಕ ವೃತ್ತದ ಏರ್‌ಟೆಲ್ ಸಿಮ್ 404-45 ಎಂದು ಆರಂಭವಾದರೆ, ಅಮೆರಿಕದ ಟಿ-ಮೊಬೈಲ್‌ನದು 310-260 ಎಂದೂ ಎಟಿ ಆ್ಯಂಡ್ ಟಿಯದು 310-410 ಎಂದೂ ಆರಂಭವಾಗುತ್ತವೆ. ಬೀಗ ಹಾಕಿದ ಫೋನು ಸಿಮ್ ಹಾಕಿದೊಡನೆ ಈ ಮೊದಲ ಅಂಕೆಗಳನ್ನು ಓದಿ, ತನ್ನೊಳಗೆ ಬರೆದಿಟ್ಟ ಕಂಪನಿಯ ಸಂಖ್ಯೆಗೆ ಅವು ಹೊಂದದಿದ್ದರೆ ಆ ಸಿಮ್ಮನ್ನು ನಿರಾಕರಿಸುತ್ತದೆ. ತಾಂತ್ರಿಕವಾಗಿ ಬೀಗವೆಂದರೆ ಇಷ್ಟೇ. ಅದನ್ನು ತೆಗೆಯುವುದೆಂದರೆ ಈ ಹೋಲಿಕೆಯ ಪರೀಕ್ಷೆಯನ್ನು ನಿಲ್ಲಿಸುವುದು, ಅದರಿಂದ ಫೋನಿನ ರೇಡಿಯೊ ಭಾಗದಲ್ಲಿ ಯಾವ ಹೊಸ ಸಾಮರ್ಥ್ಯವೂ ಸೇರುವುದಿಲ್ಲ.

ಈ ಬೀಗದ ಹಿಂದೆ ಇರುವುದು ವ್ಯಾಪಾರದ ಲೆಕ್ಕಾಚಾರ. ಅಮೆರಿಕದಂಥ ದೇಶಗಳಲ್ಲಿ ಸೇವಾ ಕಂಪನಿಗಳೇ ಫೋನನ್ನು ರಿಯಾಯಿತಿಯಲ್ಲೋ ಕಂತಿನ ಮೇಲೋ ಕೊಟ್ಟು, ಅದರ ಬೆಲೆಯನ್ನು ತಿಂಗಳ ಬಿಲ್ಲಿನಲ್ಲಿ ವಸೂಲು ಮಾಡುವುದರಿಂದ, ಬಾಕಿ ತೀರುವ ಮುನ್ನ ಗ್ರಾಹಕ ಪ್ರತಿಸ್ಪರ್ಧಿಯ ಬಳಿ ಹೋಗದಂತೆ ತಡೆಯಲು ಬೀಗವನ್ನು ಬಳಸುತ್ತ ಬಂದಿವೆ. ಅದನ್ನು ಗ್ರಾಹಕ ಸ್ವತಃ ತೆಗೆಯಬಹುದೇ ಎಂಬುದು ಅಲ್ಲಿ ಕೃತಿಸ್ವಾಮ್ಯದ ಕಾನೂನಿನ ಪ್ರಶ್ನೆಯಾಗಿ ಬೆಳೆಯಿತು. 2006ರಲ್ಲಿಯೂ 2010ರಲ್ಲಿಯೂ ದೊರೆತಿದ್ದ ವಿನಾಯಿತಿ ಮುಂದುವರಿಯದೆ, 2013ರ ಜನವರಿ 26ರ ನಂತರ ಕೊಂಡ ಫೋನುಗಳ ಬೀಗವನ್ನು ಕಂಪನಿಯ ಒಪ್ಪಿಗೆಯಿಲ್ಲದೆ ತೆಗೆಯುವುದು ಕಾನೂನುಬಾಹಿರವಾಯಿತು. ಅದನ್ನು ವಿರೋಧಿಸಿ ಒಂದು ಲಕ್ಷಕ್ಕೂ ಹೆಚ್ಚು ಜನ ಶ್ವೇತಭವನಕ್ಕೆ ಮನವಿ ಸಲ್ಲಿಸಿದರು. ಕೊನೆಗೆ 2014ರ ಆಗಸ್ಟ್ 1ರಂದು ಅಧ್ಯಕ್ಷ ಬರಾಕ್ ಒಬಾಮ ಸಹಿ ಹಾಕಿದ ಕಾನೂನು ಗ್ರಾಹಕರಿಗೆ ಆ ಹಕ್ಕನ್ನು ಮರಳಿಸಿತು. ಕೆನಡಾ 2017ರ ಡಿಸೆಂಬರಿನಿಂದ, ಜಪಾನ್ 2021ರ ಅಕ್ಟೋಬರಿನಿಂದ, ಬ್ರಿಟನ್ 2021ರ ಡಿಸೆಂಬರಿನಿಂದ ಬೀಗ ಹಾಕಿದ ಫೋನುಗಳ ಮಾರಾಟವನ್ನೇ ನಿಲ್ಲಿಸಿವೆ.

ಕೈಯಲ್ಲಿರುವ ಫೋನಿಗೆ ಬೀಗವಿದೆಯೇ ಎಂಬುದನ್ನು ತಿಳಿಯುವುದು ಸುಲಭ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ಎಂಬಲ್ಲಿ ಕ್ಯಾರಿಯರ್ ಲಾಕ್ ಎಂಬ ಸಾಲಿನ ಎದುರು ಸಿಮ್ ನಿರ್ಬಂಧಗಳಿಲ್ಲ ಎಂಬರ್ಥದ ಮಾತು ಇದ್ದರೆ ಬೀಗವಿಲ್ಲವೆಂದರ್ಥ. ಆ್ಯಂಡ್ರಾಯ್ಡ್ ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ಒಂದನ್ನು ಹಾಕಿ ನೋಡುವುದೇ ನಂಬಲರ್ಹವಾದ ಪರೀಕ್ಷೆ. ಇದಲ್ಲದೆ ಸ್ಯಾಮ್‌ಸಂಗ್‌ನ ಕೆಲವು ಫೋನುಗಳಿಗೆ ಪ್ರದೇಶದ ಬೀಗವೆಂಬ ಇನ್ನೊಂದು ಕಟ್ಟು ಇರುತ್ತದೆ: ಮಾರಾಟವಾದ ಪ್ರದೇಶದ ಸಿಮ್ ಹಾಕಿ ಒಟ್ಟು ಐದು ನಿಮಿಷಕ್ಕೂ ಹೆಚ್ಚು ಕಾಲ ಮಾತನಾಡಿದ ಮೇಲಷ್ಟೇ ಅವು ಹೊರನಾಡಿನ ಸಿಮ್ಮನ್ನು ಒಪ್ಪುತ್ತವೆ. ಆದ್ದರಿಂದ ಹೊಸ ಫೋನನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡು ವಿಮಾನ ಹತ್ತದೆ, ಹೊರಡುವ ಮುನ್ನ ಕೆಲವು ದಿನ ಊರಿನಲ್ಲೇ ಬಳಸುವುದು ಲೇಸು.

ಬ್ಯಾಂಡುಗಳ ಭೂಗೋಳ

ಬೀಗದ ನಂತರ ಬರುವುದು ರೇಡಿಯೊ. ಮೊಬೈಲ್ ಸೇವೆಗೆ ಯಾವ ತರಂಗಾಂತರಗಳನ್ನು ಕೊಡಬೇಕೆಂಬುದನ್ನು ಪ್ರತಿಯೊಂದು ದೇಶವೂ ತನ್ನ ಸೇನೆ, ದೂರದರ್ಶನ, ಉಪಗ್ರಹಗಳ ಅಗತ್ಯವನ್ನು ನೋಡಿಕೊಂಡು ತೀರ್ಮಾನಿಸುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಜಗತ್ತನ್ನು ಮೂರು ವಲಯಗಳಾಗಿ ವಿಂಗಡಿಸಿದ್ದು, ಯೂರೋಪು, ಆಫ್ರಿಕ ಮತ್ತು ಪಶ್ಚಿಮ ಏಷ್ಯ ಒಂದರಲ್ಲೂ, ಅಮೆರಿಕ ಖಂಡಗಳು ಇನ್ನೊಂದರಲ್ಲೂ, ಭಾರತವನ್ನು ಒಳಗೊಂಡ ಉಳಿದ ಏಷ್ಯ ಮತ್ತು ಆಸ್ಟ್ರೇಲಿಯ ಮೂರನೆಯದರಲ್ಲೂ ಬರುತ್ತವೆ. ಹಂಚಿಕೆಯಾದ ಒಂದೊಂದು ತರಂಗಾಂತರ ಪಟ್ಟಿಗೂ ಒಂದು ಸಂಖ್ಯೆಯಿದ್ದು, ಅದನ್ನೇ ಬ್ಯಾಂಡ್ ಎನ್ನುತ್ತಾರೆ. ಫೋನಿನೊಳಗಿನ ಆಂಟೆನಾ, ಸೋಸುಕಗಳು ಮತ್ತು ವರ್ಧಕಗಳು ನಿರ್ದಿಷ್ಟ ಬ್ಯಾಂಡುಗಳಿಗೆಂದೇ ರಚಿತವಾಗಿರುವುದರಿಂದ, ಕಾರ್ಖಾನೆಯಲ್ಲಿ ಅಳವಡಿಸದ ಬ್ಯಾಂಡನ್ನು ಆಮೇಲೆ ಯಾವ ತಂತ್ರಾಂಶದಿಂದಲೂ ಸೇರಿಸಲಾಗುವುದಿಲ್ಲ.

ಭಾರತದ 4ಜಿ ಸೇವೆ ಬಹುಮಟ್ಟಿಗೆ 1800 ಮೆಗಾಹರ್ಟ್ಸ್‌ನ ಬ್ಯಾಂಡ್ 3, 2300ರ ಬ್ಯಾಂಡ್ 40, 850ರ ಬ್ಯಾಂಡ್ 5 ಮತ್ತು 900ರ ಬ್ಯಾಂಡ್ 8ರ ಮೇಲೆ ನಿಂತಿದೆ. ಅಮೆರಿಕದಲ್ಲಿ ಇವುಗಳ ಪೈಕಿ ಬ್ಯಾಂಡ್ 5 ಮಾತ್ರ ವ್ಯಾಪಕ ಬಳಕೆಯಲ್ಲಿದೆ. ಅಲ್ಲಿನ ಮುಖ್ಯ ಬ್ಯಾಂಡುಗಳೆಂದರೆ 1900 ಮೆಗಾಹರ್ಟ್ಸ್‌ನ ಬ್ಯಾಂಡ್ 2, ಹಳೆಯ ಬ್ಯಾಂಡ್ 4ನ್ನು ಒಳಗೊಂಡು ವಿಸ್ತಾರಗೊಂಡ ಬ್ಯಾಂಡ್ 66, ಮತ್ತು 600-700 ಮೆಗಾಹರ್ಟ್ಸ್ ವ್ಯಾಪ್ತಿಯ 12, 13, 14 ಹಾಗೂ 71. ಕೊನೆಯ ಗುಂಪಿಗೆ ವಿಶೇಷ ಮಹತ್ವವಿದೆ. ಕಡಿಮೆ ತರಂಗಾಂತರದ ಅಲೆಗಳು ಹೆಚ್ಚು ದೂರ ಸಾಗುತ್ತವೆ, ಗೋಡೆಗಳನ್ನು ಸುಲಭವಾಗಿ ದಾಟುತ್ತವೆ. ಹಾಗಾಗಿ ಹಳ್ಳಿಗಾಡಿನ ಹೆದ್ದಾರಿಗಳನ್ನೂ ಕಟ್ಟಡಗಳ ಒಳಭಾಗವನ್ನೂ ಮುಟ್ಟುವ ಹೊಣೆಯನ್ನು ಕಂಪನಿಗಳು ಇವುಗಳಿಗೇ ವಹಿಸಿವೆ. ವೆರೈಜನ್‌ಗೆ ಈ ಕೆಲಸವನ್ನು ಬ್ಯಾಂಡ್ 13, ಎಟಿ ಆ್ಯಂಡ್ ಟಿಗೆ 12 ಮತ್ತು 14, ಟಿ-ಮೊಬೈಲ್‌ಗೆ 12 ಮತ್ತು 71 ಮಾಡುತ್ತವೆ. ಬ್ಯಾಂಡ್ 71 ಮೂಲತಃ ದೂರದರ್ಶನ ವಾಹಿನಿಗಳಿಗಿದ್ದ ಜಾಗ. 2017ರಲ್ಲಿ ಮುಗಿದ ಹರಾಜಿನಲ್ಲಿ ಅದರ ದೊಡ್ಡ ಪಾಲು ಟಿ-ಮೊಬೈಲ್‌ಗೆ ಸಂದಿತು. ಭಾರತದ ಮಾರುಕಟ್ಟೆಗೆಂದೇ ತಯಾರಾದ ಅಗ್ಗದ ಮತ್ತು ಮಧ್ಯಮ ಬೆಲೆಯ ಫೋನುಗಳಲ್ಲಿ ಈ ಕಡಿಮೆ ಬ್ಯಾಂಡುಗಳು ಇಲ್ಲದಿರುವುದು ಸಾಮಾನ್ಯವಾದ್ದರಿಂದ, ಅಂಥ ಫೋನು ನಗರದ ಬಯಲಿನಲ್ಲಿ ವೇಗವಾಗಿದ್ದು ನೆಲಮಾಳಿಗೆಯಲ್ಲೂ ಊರಾಚೆಯ ರಸ್ತೆಯಲ್ಲೂ ಮೂಕವಾಗುತ್ತದೆ.

5ಜಿಯಲ್ಲಿಯೂ ಇಂಥದೇ ವ್ಯತ್ಯಾಸವಿದೆ. ಭಾರತದ ಮುಖ್ಯ 5ಜಿ ಬ್ಯಾಂಡಾದ ಎನ್78 3300ರಿಂದ 3800 ಮೆಗಾಹರ್ಟ್ಸ್‌ವರೆಗೆ ಹರಡಿದೆ. ವೆರೈಜನ್ ಮತ್ತು ಎಟಿ ಆ್ಯಂಡ್ ಟಿ ನೆಚ್ಚಿಕೊಂಡಿರುವ ಹಂಚಿಕೆ 3700ರಿಂದ 3980ರವರೆಗೆ ಇರುವುದರಿಂದ ಅದಕ್ಕೆ 4200ರವರೆಗೆ ತಲುಪುವ ಎನ್77 ಬೇಕು. ಟಿ-ಮೊಬೈಲ್‌ನ 5ಜಿ 2500 ಮೆಗಾಹರ್ಟ್ಸ್‌ನ ಎನ್41 ಮತ್ತು 600ರ ಎನ್71ರ ಮೇಲೆ ಅವಲಂಬಿತವಾಗಿದ್ದು, ಎನ್41 ಭಾರತದ ಅನೇಕ ಫೋನುಗಳಲ್ಲಿ ಇರುವುದರಿಂದ ಭಾರತೀಯ ಫೋನಿಗೆ ಆ ಜಾಲ ತುಸು ಹೆಚ್ಚು ಅನುಕೂಲಕರ. ಇವೆಲ್ಲವನ್ನೂ ಪರಿಶೀಲಿಸುವಾಗ ಫೋನಿನ ಹೆಸರನ್ನು ನೋಡಿದರೆ ಸಾಲದು, ಮಾದರಿ ಸಂಖ್ಯೆಯನ್ನೇ ನೋಡಬೇಕು. ಒಂದೇ ಹೆಸರಿನ ಫೋನು ಭಾರತಕ್ಕೊಂದು, ಅಮೆರಿಕಕ್ಕೊಂದು, ಚೀನಕ್ಕೊಂದು ಮಾದರಿಯಲ್ಲಿ ಬರುತ್ತದೆ, ಅವುಗಳ ಬ್ಯಾಂಡುಗಳು ಬೇರೆಬೇರೆಯಾಗಿರುತ್ತವೆ.

ಕರೆಯ ಕಗ್ಗಂಟು

ಬ್ಯಾಂಡುಗಳು ಹೊಂದಿದರೂ ಕರೆ ಬರದಿರುವುದಕ್ಕೆ ಕಾರಣ ತಿಳಿಯಬೇಕಾದರೆ ಮೊಬೈಲ್ ಜಾಲಗಳ ಇತಿಹಾಸದಲ್ಲಿ ಸ್ವಲ್ಪ ಹಿಂದೆ ಹೋಗಬೇಕಾಗುತ್ತದೆ. 1991ರ ಜುಲೈ 1ರಂದು ಫಿನ್‌ಲ್ಯಾಂಡಿನಲ್ಲಿ ಮೊದಲ ಕರೆಯನ್ನು ಕಂಡ ಜಿಎಸ್‌ಎಂ ವ್ಯವಸ್ಥೆಯ ದೊಡ್ಡ ಸಾಧನೆಯೆಂದರೆ ಚಂದಾದಾರನ ಗುರುತನ್ನು ಫೋನಿನಿಂದ ಬೇರ್ಪಡಿಸಿ ಸಿಮ್‌ನೊಳಗೆ ಇಟ್ಟದ್ದು. ಧ್ವನಿಯನ್ನು ಹೇಗೆ ಸಂಕೇತಗೊಳಿಸಬೇಕು, ಕರೆಯನ್ನು ಹೇಗೆ ಜೋಡಿಸಬೇಕು ಎಂಬ ನಿಯಮಗಳು ಎಲ್ಲ ದೇಶಗಳಿಗೂ ಒಂದೇ ಆಗಿದ್ದುದರಿಂದ, ಬ್ಯಾಂಡು ಹೊಂದಿದ ಯಾವ ಫೋನಾದರೂ ಯಾವ ಜಾಲದಲ್ಲಾದರೂ ಮಾತನಾಡಬಲ್ಲದಾಗಿತ್ತು. 1995ರ ಜುಲೈ 31ರಂದು ಕೋಲ್ಕತ್ತದಿಂದ ದೆಹಲಿಗೆ ಹೋದ ಮೊದಲ ಮೊಬೈಲ್ ಕರೆಯ ಮೂಲಕ ಭಾರತ ಪ್ರವೇಶಿಸಿದ್ದು ಈ ಜಿಎಸ್‌ಎಂ ಲೋಕವನ್ನೇ. ಅನ್‌ಲಾಕ್ ಫೋನಿನ ಮೇಲಿರುವ ಇಂದಿನ ಭರವಸೆಯೂ ಆ ಕಾಲದ ಬಳುವಳಿ.

4ಜಿ ಈ ಸ್ಥಿತಿಯನ್ನು ಬದಲಿಸಿತು. ಅದು ದತ್ತಾಂಶಕ್ಕಾಗಿ ರೂಪುಗೊಂಡ ಜಾಲವಾದ್ದರಿಂದ ಹಳೆಯ ಬಗೆಯ ಧ್ವನಿಮಾರ್ಗ ಅದರಲ್ಲಿ ಇಲ್ಲವೇ ಇಲ್ಲ. ಮೊದಮೊದಲು ಕರೆ ಬಂದಾಗ ಫೋನು 4ಜಿಯನ್ನು ಬಿಟ್ಟು 3ಜಿಗೋ 2ಜಿಗೋ ಇಳಿದು ಮಾತು ಮುಗಿದ ಮೇಲೆ ಮರಳುವ ಏರ್ಪಾಟು ಇತ್ತು. ನಂತರ ಧ್ವನಿಯನ್ನೂ ದತ್ತಾಂಶದ ಪೊಟ್ಟಣಗಳಾಗಿ ಕಳಿಸುವ ವೋಲ್ಟಿ ಬಂತು; ಇದಕ್ಕಾಗಿ ಫೋನು ಐಎಂಎಸ್ ಎಂಬ ಪ್ರತ್ಯೇಕ ವ್ಯವಸ್ಥೆಯಲ್ಲಿ ತನ್ನನ್ನು ನೋಂದಾಯಿಸಿಕೊಳ್ಳಬೇಕಾಗುತ್ತದೆ. ವೋಲ್ಟಿಗೆ ಅಂತರರಾಷ್ಟ್ರೀಯ ಮಾನದಂಡವಿದ್ದರೂ ಅದರ ಅನೇಕ ವಿವರಗಳನ್ನು ಕಂಪನಿಗಳು ತಮ್ಮ ಇಷ್ಟದಂತೆ ಹೊಂದಿಸಿಕೊಂಡವು. ಅದರ ಪರಿಣಾಮವಾಗಿ ಪ್ರತಿಯೊಂದು ಕಂಪನಿಯ ಜಾಲಕ್ಕೂ ಬೇಕಾದ ಸಂರಚನಾ ಕಡತವನ್ನು ತಯಾರಕರು ಫೋನಿನ ತಂತ್ರಾಂಶದಲ್ಲಿ ಮೊದಲೇ ಸೇರಿಸಿರಬೇಕಾದ ಸ್ಥಿತಿ ಬಂತು. ಆ ಕಡತ ಇಲ್ಲದಿದ್ದರೆ ಅಥವಾ ಫೋನಿನ ಮಾದರಿಯನ್ನು ಕಂಪನಿ ಮಾನ್ಯ ಮಾಡದಿದ್ದರೆ, ವೋಲ್ಟಿ ಸಾಮರ್ಥ್ಯವುಳ್ಳ ಫೋನೂ ಆ ಜಾಲದಲ್ಲಿ ಕರೆ ಮಾಡಲಾರದು. 2016ರಲ್ಲಿ 4ಜಿ ಮಾತ್ರದಿಂದಲೇ ಸೇವೆ ಆರಂಭಿಸಿದ ಜಿಯೋದಲ್ಲಿ ವೋಲ್ಟಿ ಚೆನ್ನಾಗಿ ನಡೆಯುವ ಫೋನಿಗೆ ಅಮೆರಿಕದಲ್ಲೂ ಅದು ನಡೆಯುತ್ತದೆಂದು ಹೇಳಲಾಗದಿರುವುದು ಇದೇ ಕಾರಣಕ್ಕೆ.

ಇಳಿಯಲು 3ಜಿಯ ಮೆಟ್ಟಿಲು ಇದ್ದಷ್ಟು ಕಾಲ ಈ ಕೊರತೆ ಯಾರ ಗಮನಕ್ಕೂ ಬರಲಿಲ್ಲ. ಎಟಿ ಆ್ಯಂಡ್ ಟಿ ತನ್ನ 3ಜಿಯನ್ನು 2022ರ ಫೆಬ್ರುವರಿ 22ರಂದು ಮುಚ್ಚಿತು, ಟಿ-ಮೊಬೈಲ್ ಅದೇ ವರ್ಷದ ಜುಲೈನಲ್ಲಿ ಮುಚ್ಚತೊಡಗಿತು, ವೆರೈಜನ್ ವರ್ಷಾಂತ್ಯಕ್ಕೆ ಆ ಕೆಲಸ ಮುಗಿಸಿತು. ಅಂದಿನಿಂದ ಅಲ್ಲಿ ವೋಲ್ಟಿ ಇಲ್ಲದ ಫೋನೆಂದರೆ ಬಹುಮಟ್ಟಿಗೆ ಮಾತನಾಡದ ಫೋನು. ಎಟಿ ಆ್ಯಂಡ್ ಟಿಯಂತೂ ತನ್ನ ಜಾಲದಲ್ಲಿ ನಡೆಯುವ ಮಾದರಿಗಳ ಪಟ್ಟಿಯನ್ನೇ ಪ್ರಕಟಿಸಿತು. ಹೊರದೇಶಗಳಿಗೆಂದು ತಯಾರಾದ ಎಷ್ಟೋ ಮಾದರಿಗಳು, ಅವುಗಳ ಅಮೆರಿಕದ ಅವಳಿಗಳು ಪಟ್ಟಿಯಲ್ಲಿದ್ದರೂ, ಹೊರಗುಳಿದವು. ಐಫೋನ್‌ಗಳಿಗೆ ಪ್ರಮುಖ ಕಂಪನಿಗಳ ಸಂರಚನೆ ಎಲ್ಲ ದೇಶಗಳ ಮಾದರಿಗಳಲ್ಲೂ ಬರುವುದರಿಂದ ಅವುಗಳಿಗೆ ತೊಂದರೆ ಕಡಿಮೆ; ಭಾರತ ಮತ್ತು ಚೀನದ ಮಾರುಕಟ್ಟೆಯನ್ನೇ ಗುರಿಯಾಗಿಟ್ಟುಕೊಂಡ ಆ್ಯಂಡ್ರಾಯ್ಡ್ ಫೋನುಗಳು ಹೆಚ್ಚು ಪೆಟ್ಟು ತಿಂದವು.

ಆಸ್ಟ್ರೇಲಿಯದಲ್ಲಿ ಇದೇ ಸಮಸ್ಯೆ ಇನ್ನಷ್ಟು ಗಂಭೀರವಾದ ರೂಪ ತಾಳಿತು. ಟೆಲ್‌ಸ್ಟ್ರಾ ಮತ್ತು ಆಪ್ಟಸ್ ಕಂಪನಿಗಳು 2024ರ ಅಕ್ಟೋಬರ್ 28ರಿಂದ 3ಜಿಯನ್ನು ಮುಚ್ಚಿದಾಗ, ಸಾಮಾನ್ಯ ಕರೆಗಳನ್ನು 4ಜಿಯಲ್ಲಿ ಮಾಡಿದರೂ ತುರ್ತು ಸಂಖ್ಯೆಯಾದ 000ಕ್ಕೆ ಕರೆ ಮಾಡುವಾಗ ಮಾತ್ರ 3ಜಿಯನ್ನು ಹುಡುಕುವ ಫೋನುಗಳಿರುವುದು ಕಂಡುಬಂದಿತ್ತು. ಅಂಥ ಫೋನು ಕೈಯಲ್ಲಿದ್ದವರು ಅಪಾಯದ ಗಳಿಗೆಯಲ್ಲಿ ಮೋಸಹೋಗಬಾರದೆಂದು, ಅವಕ್ಕೆ ಸೇವೆಯನ್ನೇ ನಿಲ್ಲಿಸುವ ಕರ್ತವ್ಯವನ್ನು ಅಲ್ಲಿನ ನಿಯಂತ್ರಣ ನಿಯಮ ಕಂಪನಿಗಳ ಮೇಲೆ ಹೊರಿಸಿತು. ವಿದೇಶದಲ್ಲಿ ಕೊಂಡ ಫೋನುಗಳೂ ಈ ನಿಯಮಕ್ಕೆ ಒಳಪಟ್ಟವು.

ಹದಿನೈದು ಅಂಕೆಗಳ ಗುರುತು

ಜಾಲವು ಫೋನಿನ ಮಾದರಿಯನ್ನು ಗುರುತಿಸುವುದು ಐಎಂಇಐ ಎಂಬ 15 ಅಂಕೆಗಳ ಸಂಖ್ಯೆಯ ಮೂಲಕ. ಅದರ ಮೊದಲ ಎಂಟು ಅಂಕೆಗಳು ತಯಾರಕರನ್ನೂ ಮಾದರಿಯನ್ನೂ ಸೂಚಿಸುತ್ತವೆ, ಮುಂದಿನ ಆರು ಆ ಒಂದು ಫೋನಿನ ಕ್ರಮಸಂಖ್ಯೆ, ಕೊನೆಯದು ಉಳಿದವು ಸರಿಯಾಗಿವೆಯೇ ಎಂದು ತಾಳೆನೋಡುವ ಅಂಕೆ. *#06# ಎಂದು ಒತ್ತಿದರೆ ಈ ಸಂಖ್ಯೆ ಪರದೆಯ ಮೇಲೆ ಮೂಡುತ್ತದೆ. ಎರಡು ಸಿಮ್‌ಗಳ ಫೋನಿನಲ್ಲಿ ಇಂಥ ಸಂಖ್ಯೆಗಳು ಎರಡು. ಅಮೆರಿಕದ ಕಂಪನಿಗಳ ಜಾಲತಾಣಗಳಲ್ಲಿ ಈ ಸಂಖ್ಯೆಯನ್ನು ನಮೂದಿಸಿ, ಸ್ವಂತ ಫೋನು ತರುವವರಿಗೆಂದು ಇಟ್ಟಿರುವ ಪರಿಶೀಲನೆಯನ್ನು ಭಾರತದಿಂದಲೇ ಮಾಡಿಕೊಳ್ಳಬಹುದಾಗಿದ್ದು, ಬ್ಯಾಂಡುಗಳ ಪಟ್ಟಿಯನ್ನು ಕುಳಿತು ಹೋಲಿಸುವುದಕ್ಕಿಂತ ಅದು ಹೆಚ್ಚು ಉಪಯುಕ್ತ. ಏಕೆಂದರೆ ಬ್ಯಾಂಡುಗಳೆಲ್ಲ ಹೊಂದಿದರೂ ಕಂಪನಿ ಒಪ್ಪದ ಮಾದರಿ ಅಲ್ಲಿ ಕೂಡಲೇ ಗೊತ್ತಾಗುತ್ತದೆ.

ಕೆಲವು ದೇಶಗಳು ಈ ಸಂಖ್ಯೆಯನ್ನು ಸುಂಕದ ಸಾಧನವಾಗಿಯೂ ಬಳಸುತ್ತವೆ. ಟರ್ಕಿಯಲ್ಲಿ ಹೊರಗಿನಿಂದ ತಂದ ಫೋನನ್ನು ಅಲ್ಲಿನ ಸಿಮ್‌ನೊಂದಿಗೆ 120 ದಿನಗಳಿಗಿಂತ ಹೆಚ್ಚು ಬಳಸಬೇಕಾದರೆ ಶುಲ್ಕ ಕಟ್ಟಿ ನೋಂದಾಯಿಸಬೇಕು. ಇಂಡೋನೇಷ್ಯದಲ್ಲಿ ಪ್ರವಾಸಿಗರಿಗೆ 90 ದಿನಗಳ ತಾತ್ಕಾಲಿಕ ನೋಂದಣಿಯ ಅವಕಾಶವಿದೆ. ಇಂಥ ದೇಶಗಳಲ್ಲಿ ಭಾರತದ ಸಿಮ್ಮನ್ನೇ ರೋಮಿಂಗ್‌ನಲ್ಲಿ ಬಳಸುವವರಿಗೆ ಈ ಕಟ್ಟುಪಾಡು ತಟ್ಟುವುದಿಲ್ಲ. ಸ್ಥಳೀಯ ಸಿಮ್ ಹಾಕಿದಾಗ ಮಾತ್ರ ಗಡುವು ಎಣಿಕೆಗೆ ಬರುತ್ತದೆ.

ಸಿಮ್ ಹಾಕಿದ ಮೇಲೆ

ಪರಿಶೀಲನೆ ಮುಗಿದ ಮೇಲೆ ಕಂಪನಿಯನ್ನು ಆರಿಸಿಕೊಳ್ಳುವ ಪ್ರಶ್ನೆ ಬರುತ್ತದೆ. ಹೊಸದಾಗಿ ಬಂದವರಿಗೆ ಅಮೆರಿಕದಲ್ಲಿ ಸಾಲಮರುಪಾವತಿಯ ಚರಿತ್ರೆ ಇಲ್ಲದಿರುವುದರಿಂದ ತಿಂಗಳ ಕೊನೆಯಲ್ಲಿ ಬಿಲ್ಲು ಕಟ್ಟುವ ಪೋಸ್ಟ್‌ಪೇಯ್ಡ್ ಸಂಪರ್ಕಕ್ಕಿಂತ ಮುಂಗಡ ಹಣ ಕಟ್ಟುವ ಪ್ರೀಪೇಯ್ಡ್ ಸುಲಭವಾಗಿ ದೊರೆಯುತ್ತದೆ. ಮೂರು ದೊಡ್ಡ ಕಂಪನಿಗಳ ಜೊತೆಗೆ, ಅವುಗಳ ಗೋಪುರಗಳನ್ನೇ ಬಳಸಿ ಕಡಿಮೆ ದರಕ್ಕೆ ಸೇವೆ ನೀಡುವ ಸಂಸ್ಥೆಗಳೂ ಇವೆ: ಮಿಂಟ್ ಟಿ-ಮೊಬೈಲ್‌ನ ಜಾಲದಲ್ಲೂ, ಕ್ರಿಕೆಟ್ ಎಟಿ ಆ್ಯಂಡ್ ಟಿಯ ಜಾಲದಲ್ಲೂ, ವಿಸಿಬಲ್ ವೆರೈಜನ್‌ನ ಜಾಲದಲ್ಲೂ ನಡೆಯುತ್ತವೆ. ಫೋನು ಯಾವ ಮೂಲಜಾಲಕ್ಕೆ ಹೊಂದುತ್ತದೆಂಬುದು ತಿಳಿದಿದ್ದರೆ ಅದರ ಆಶ್ರಯದಲ್ಲಿರುವ ಅಗ್ಗದ ಸೇವೆಯನ್ನು ಆರಿಸಬಹುದು.

ಪ್ಲಾಸ್ಟಿಕ್ ಸಿಮ್‌ಗೆ ಬದಲಾಗಿ ಇ-ಸಿಮ್ ಪಡೆಯುವವರು ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿದಾಗ, ಫೋನಿನೊಳಗೆ ಬೆಸೆದಿರುವ ಚಿಪ್ಪಿಗೆ ಚಂದಾದಾರನ ಮಾಹಿತಿ ಇಂಟರ್ನೆಟ್ ಮೂಲಕ ಇಳಿಯುತ್ತದೆ. ಇದಕ್ಕೆ ವೈಫೈ ಅಗತ್ಯವಾದ್ದರಿಂದ ವಿಮಾನ ನಿಲ್ದಾಣವನ್ನು ಬಿಡುವ ಮುನ್ನವೇ, ಸಾಧ್ಯವಾದರೆ ಊರಿನಿಂದ ಹೊರಡುವ ಮುನ್ನವೇ ಅದನ್ನು ಇಳಿಸಿಕೊಂಡಿರುವುದು ಒಳ್ಳೆಯದು. ಅನೇಕ ವೇಳೆ ಒಂದು ಸಂಕೇತ ಒಮ್ಮೆ ಮಾತ್ರ ಬಳಕೆಗೆ ಬರುವುದರಿಂದ, ಏನೋ ಕೆಟ್ಟಿತೆಂದು ಇ-ಸಿಮ್ಮನ್ನು ಅಳಿಸಿಹಾಕಿದರೆ ಕಂಪನಿಯಿಂದ ಹೊಸದನ್ನು ಕೇಳಿ ಪಡೆಯಬೇಕಾಗುತ್ತದೆ.

ಸಿಗ್ನಲ್ ಪಟ್ಟಿಗಳು ಕಾಣಿಸಿಕೊಂಡು ಇಂಟರ್ನೆಟ್ ಬರದಿದ್ದರೆ ನೋಡಬೇಕಾದದ್ದು ಎಪಿಎನ್ ಸೆಟ್ಟಿಂಗ್ ಅನ್ನು. ಎಪಿಎನ್ ಎಂದರೆ ಮೊಬೈಲ್ ಜಾಲದಿಂದ ಇಂಟರ್ನೆಟ್‌ಗೆ ಹೋಗುವ ಹೆಬ್ಬಾಗಿಲಿನ ಹೆಸರು. ಜಿಯೋದಲ್ಲಿ ಅದು ಜಿಯೋನೆಟ್ ಎಂದಿದ್ದರೆ, ಟಿ-ಮೊಬೈಲ್‌ನಲ್ಲಿ ಫಾಸ್ಟ್ ಡಾಟ್ ಟಿ-ಮೊಬೈಲ್ ಡಾಟ್ ಕಾಮ್ ಎಂದಿದೆ. ಸಿಮ್‌ನ ಅಂಕೆಗಳನ್ನು ನೋಡಿ ಫೋನು ಇದನ್ನು ತಾನೇ ತುಂಬಿಕೊಳ್ಳುವುದು ರೂಢಿ. ಹೊರದೇಶದ ಫೋನಿನಲ್ಲಿ ಅಥವಾ ಸಣ್ಣ ಕಂಪನಿಯ ಸಿಮ್ ಹಾಕಿದಾಗ ಅದು ತಪ್ಪುವುದುಂಟು. ಆಗ ಕಂಪನಿ ಕೊಟ್ಟ ವಿವರವನ್ನು ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಹೊಸ ಎಪಿಎನ್ ಆಗಿ ಕೈಯಾರೆ ಬರೆದು, ಉಳಿಸಿ, ಅದನ್ನೇ ಆಯ್ಕೆ ಮಾಡಿ, ಫೋನನ್ನು ಒಮ್ಮೆ ಆರಿಸಿ ಹಚ್ಚಬೇಕು. ಒಂದು ಅಕ್ಷರವೋ ಚುಕ್ಕಿಯೋ ತಪ್ಪಿದರೂ ಬಾಗಿಲು ತೆರೆಯುವುದಿಲ್ಲ. ಎಪಿಎನ್ ಪ್ರೋಟೊಕಾಲ್ ಎಂಬ ಸಾಲಿನಲ್ಲಿ ಐಪಿವಿ4 ಮತ್ತು ಐಪಿವಿ6 ಎರಡನ್ನೂ ಒಳಗೊಂಡ ಆಯ್ಕೆ ಇರಬೇಕು, ಏಕೆಂದರೆ ಟಿ-ಮೊಬೈಲ್‌ನಂಥ ಜಾಲಗಳು ಹೊಸ ಬಗೆಯ ಐಪಿವಿ6 ವಿಳಾಸಗಳ ಮೇಲೆಯೇ ನಡೆಯುತ್ತವೆ. ಇಂಟರ್ನೆಟ್ ಸರಿಯಿದ್ದು, ಸಾಮಾನ್ಯ ಸಂದೇಶದಲ್ಲಿ ಬಂದ ಚಿತ್ರಗಳು ಮಾತ್ರ ತೆರೆಯದಿದ್ದರೆ ಎಂಎಂಎಸ್‌ಗೆ ಸಂಬಂಧಿಸಿದ ಸಾಲುಗಳು ಖಾಲಿ ಇವೆಯೆಂದು ತಿಳಿಯಬೇಕು. ವಾಟ್ಸ್‌ಆ್ಯಪ್‌ಗೆ ಒಗ್ಗಿಹೋದ ಭಾರತೀಯರಿಗೆ ಎಂಎಂಎಸ್ ಮರೆತುಹೋದ ಸಂಗತಿಯಾದರೂ, ಅಮೆರಿಕದಲ್ಲಿ ಗುಂಪು ಸಂದೇಶಗಳು ಇಂದಿಗೂ ಎಷ್ಟೋ ವೇಳೆ ಆ ದಾರಿಯಲ್ಲೇ ಸಾಗುತ್ತವೆ.

ಕೊನೆಯದಾಗಿ ಕರೆಯ ಪರೀಕ್ಷೆ. ಸೆಟ್ಟಿಂಗ್‌ನಲ್ಲಿ ವೋಲ್ಟಿ ಅಥವಾ 4ಜಿ ಕಾಲಿಂಗ್ ಎಂಬ ಗುಂಡಿಯನ್ನು ಹಚ್ಚಿ, ಕರೆ ನಡೆಯುತ್ತಿರುವಾಗ ಪರದೆಯ ಮೇಲೆ 4ಜಿ ಅಥವಾ ಎಲ್‌ಟಿಇ ಗುರುತು ಹಾಗೆಯೇ ಉಳಿಯುತ್ತದೆಯೇ ಎಂದು ನೋಡಬೇಕು. ಹಲವು ಆ್ಯಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಎಂದು ಒತ್ತಿದರೆ ತೆರೆಯುವ ಮಾಹಿತಿ ಪುಟದಲ್ಲಿ ಐಎಂಎಸ್ ನೋಂದಣಿ ಆಗಿದೆಯೇ ಎಂಬುದೂ ತಿಳಿಯುತ್ತದೆ. ಪರೀಕ್ಷೆಯ ನೆಪದಲ್ಲಿ ತುರ್ತು ಸಂಖ್ಯೆಯಾದ 911ಕ್ಕೆ ಕರೆ ಮಾಡಬಾರದು. ಇಂಟರ್ನೆಟ್ ಇದ್ದು ಕರೆ ಮಾತ್ರ ಹೋಗದ ಫೋನಿನಲ್ಲಿ ಎಪಿಎನ್ ತಿದ್ದುತ್ತ ಕೂರುವುದರಿಂದ ಸಾಮಾನ್ಯವಾಗಿ ಏನೂ ಆಗದು; ತಂತ್ರಾಂಶವನ್ನು ಹೊಸತುಗೊಳಿಸಿ ನೋಡಿ, ಆಗಲೂ ಆಗದಿದ್ದರೆ ಬೇರೆ ಜಾಲಕ್ಕೆ ಹೋಗುವುದೇ ದಾರಿ.

ಊರಿನ ಸಂಖ್ಯೆಯನ್ನು ಉಳಿಸಿಕೊಳ್ಳುವುದು

ಪರದೇಶದ ಸಿಮ್ ಹಾಕಿದವರಿಗೆ ಭಾರತದ ಸಂಖ್ಯೆಯ ಅಗತ್ಯ ತಪ್ಪುವುದಿಲ್ಲ, ಏಕೆಂದರೆ ಇಲ್ಲಿನ ಬ್ಯಾಂಕು, ಆಧಾರ್, ತೆರಿಗೆ ಇಲಾಖೆಗಳ ಒಟಿಪಿ ಬರುವುದು ಆ ಸಂಖ್ಯೆಗೇ. ಎರಡು ಸಿಮ್‌ಗಳ ಫೋನು ಇಲ್ಲಿ ನೆರವಿಗೆ ಬರುತ್ತದೆ: ಊರಿನ ಸಿಮ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗನ್ನು ಹೊರಡುವ ಮುನ್ನವೇ ಹಚ್ಚಿಸಿಕೊಂಡು, ಫೋನಿನಲ್ಲಿ ಆ ಸಿಮ್‌ನ ಡೇಟಾ ರೋಮಿಂಗನ್ನು ಮಾತ್ರ ನಿಲ್ಲಿಸಿಟ್ಟರೆ, ದುಬಾರಿ ಬಿಲ್ಲಿನ ಭಯವಿಲ್ಲದೆ ಸಂದೇಶಗಳನ್ನು ಪಡೆಯಬಹುದು. ಆದರೆ ಒಳಬರುವ ಕರೆಯನ್ನು ಸ್ವೀಕರಿಸಿದರೂ ರೋಮಿಂಗ್ ಶುಲ್ಕ ಬೀಳುತ್ತದೆ ಎಂಬ ಎಚ್ಚರವಿರಬೇಕು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ನಿಷ್ಕ್ರಿಯಗೊಳಿಸಬಹುದು, ಆಮೇಲೆ ಆ ಸಂಖ್ಯೆ ಬೇರೊಬ್ಬರ ಪಾಲಾಗಬಹುದು. ಆದ್ದರಿಂದ ಕಾಲಕಾಲಕ್ಕೆ ರೀಚಾರ್ಜ್ ಮಾಡಿಸಿ ಬಳಕೆಯಲ್ಲಿಡುವುದು ಅನಿವಾರ್ಯ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯ, ಸಿಂಗಪುರ, ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯ ಸೇರಿದಂತೆ 10 ದೇಶಗಳ ಸಂಖ್ಯೆಗಳಿಂದಲೇ, ಅನಿವಾಸಿ ಖಾತೆಗಳಿಗೆ ಯುಪಿಐ ಜೋಡಿಸಿಕೊಳ್ಳುವ ಅವಕಾಶವನ್ನು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ 2023ರ ಜನವರಿಯಲ್ಲಿ ಪ್ರಕಟಿಸಿದ ಮೇಲೆ ಈ ಅವಲಂಬನೆ ಸ್ವಲ್ಪ ತಗ್ಗಿದೆ.

ಹೊರಗಿನಿಂದ ಫೋನು ತರಿಸಿಕೊಳ್ಳುವವರು ಇದೇ ದಾರಿಯನ್ನು ಎದುರು ದಿಕ್ಕಿನಲ್ಲಿ ನೋಡಬೇಕಾಗುತ್ತದೆ. ಅಮೆರಿಕದ ಬಂಧುವೊಬ್ಬರು ಕಂತಿನ ಮೇಲೆ ಕೊಂಡು ಕಳಿಸಿದ ಫೋನಿಗೆ ಬಾಕಿ ತೀರುವವರೆಗೆ ಬೀಗವಿರಬಹುದು. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದ ಐಫೋನ್‌ಗಳಲ್ಲಿ ಸಿಮ್ ಇಡುವ ತಟ್ಟೆಯೇ ಇಲ್ಲವಾದ್ದರಿಂದ ಇಲ್ಲಿನ ಕಂಪನಿಯಿಂದ ಇ-ಸಿಮ್ ಪಡೆಯಲೇಬೇಕು. ಬಳಸಿದ ಫೋನನ್ನು ಕೊಳ್ಳುವಾಗ ಅದು ಕಳವಾದದ್ದೋ ಎಂಬುದನ್ನು 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸಂಚಾರ್ ಸಾಥಿ ತಾಣದಲ್ಲಿ ಐಎಂಇಐ ಸಂಖ್ಯೆಯ ಮೂಲಕ ಪರಿಶೀಲಿಸಬಹುದು.

ಬೀಗದಿಂದ ಪಟ್ಟಿಯ ಕಡೆಗೆ

ಈ ಎಲ್ಲ ವಿವರಗಳನ್ನು ಒಟ್ಟಾಗಿ ನೋಡಿದಾಗ ಒಂದು ವಿಚಿತ್ರ ಸಂಗತಿ ಗೋಚರಿಸುತ್ತದೆ. ಬೀಗದ ವಿರುದ್ಧ ಗ್ರಾಹಕರು ಹೋರಾಡಿ ಕಾನೂನುಗಳನ್ನು ಪಡೆದ ದಶಕದಲ್ಲಿಯೇ ಧ್ವನಿಕರೆ ಹಳೆಯ ಸಮಾನ ಮಾರ್ಗವನ್ನು ಬಿಟ್ಟು ಕಂಪನಿಗೊಂದು ಬಗೆಯ ಸಂರಚನೆಗೆ ಒಳಪಟ್ಟಿತು. ಕಳೆದುಹೋಗುತ್ತಿದ್ದ ಹಿಡಿತ ಮಾನ್ಯ ಮಾದರಿಗಳ ಪಟ್ಟಿಯ ರೂಪದಲ್ಲಿ ಸೇವಾ ಕಂಪನಿಗಳ ಕೈಗೆ ಮರಳಿತು. ಅಮೆರಿಕದ 2014ರ ಕಾನೂನು ಬೀಗ ತೆಗೆಯುವ ಹಕ್ಕನ್ನು ಕೊಟ್ಟಿತೇ ಹೊರತು, ಬೀಗ ತೆಗೆದ ಫೋನನ್ನು ಜಾಲ ಒಪ್ಪಿಕೊಳ್ಳಲೇಬೇಕೆಂದು ಹೇಳಲಿಲ್ಲ. ಪಟ್ಟಿಗಳ ಹಿಂದೆ ನ್ಯಾಯವಾದ ಕಾರಣಗಳೂ ಇವೆ: ತುರ್ತು ಕರೆ ಹೋಗದ ಫೋನನ್ನು ಜನರ ಕೈಯಲ್ಲಿ ಬಿಡುವುದು ಹೊಣೆಗೇಡಿತನವೇ ಸರಿ. ಆದರೆ ವೋಲ್ಟಿಯ ಸಂರಚನೆ ಜಿಎಸ್‌ಎಂ ಕಾಲದ ಕರೆಯಷ್ಟೇ ಏಕರೂಪವಾಗಿದ್ದಿದ್ದರೆ ಆ ಪಟ್ಟಿಗಳಲ್ಲಿ ಬಹುಪಾಲಿನ ಅಗತ್ಯವೇ ಬೀಳುತ್ತಿರಲಿಲ್ಲ.

ತಯಾರಕರು ಇಂದು ಬ್ಯಾಂಡುಗಳ ಪಟ್ಟಿಯನ್ನು ಪ್ರಕಟಿಸುತ್ತಾರೆ. ಯಾವ ಯಾವ ದೇಶದ ಯಾವ ಕಂಪನಿಗಳಲ್ಲಿ ವೋಲ್ಟಿ ನಡೆಯುತ್ತದೆಂಬುದನ್ನು ಅಷ್ಟೇ ಸ್ಪಷ್ಟವಾಗಿ ಹೇಳುವವರು ವಿರಳ. ಪರದೇಶಕ್ಕೆ ಹೋಗಲಿರುವ ಗ್ರಾಹಕ ಅಂಗಡಿಯಲ್ಲಿ ಕ್ಯಾಮೆರಾ, ಬ್ಯಾಟರಿಗಳ ಬಗ್ಗೆ ವಿಚಾರಿಸುವಾಗ ಮಾದರಿ ಸಂಖ್ಯೆಯನ್ನೂ ಬರೆದುಕೊಂಡು, ಅದನ್ನೂ ಐಎಂಇಐಯನ್ನೂ ತಾನು ಸೇರಲಿರುವ ಜಾಲದ ತಾಣದಲ್ಲಿ ಹಣ ಕೊಡುವ ಮುನ್ನವೇ ಪರಿಶೀಲಿಸುವುದು ಸದ್ಯಕ್ಕೆ ಉಳಿದಿರುವ ಉಪಾಯ. ಪರಿಶೀಲನೆಯಲ್ಲಿ ಫೋನು ಸೋತರೆ ಅದನ್ನು ಊರಿನಲ್ಲೇ ಮನೆಯವರಿಗೆ ಬಿಟ್ಟು, ಹೋದ ದೇಶದ ಅಂಗಡಿಯಲ್ಲಿ ಬೀಗವಿಲ್ಲದ ಒಂದು ಸಾಧಾರಣ ಫೋನನ್ನು ಕೊಳ್ಳುವುದು, ಕರೆ ಬಾರದ ದುಬಾರಿ ಫೋನನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದಕ್ಕಿಂತ ಎಷ್ಟೋ ಮೇಲು.